ಕೈಗೆ ಸಿಕ್ಕವರು

ಆವತ್ತು ಸಂಜೆ ಟಿವಿಯಲ್ಲಿ ತೀರ್ಪು ಬಂತು. ಯಾವ ಕೇಸು ಅಂತ ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಆ ಕೇಸಿನ ಹಿಂದೆಯೇ ಹೋಗುತ್ತದೆ. ಒಂದು ಮಗು ಸತ್ತಿತ್ತು. ಇವನೇ ಮಾಡಿದ್ದು ಅಂತ ಎಲ್ಲರೂ ನಂಬಿದ್ದ ಆರೋಪಿಯೊಬ್ಬನಿದ್ದ. ವರ್ಷಗಟ್ಟಲೆ ವಿಚಾರಣೆ ನಡೆಯಿತು. ಕೊನೆಗೆ ಸಾಕ್ಷ್ಯ ಸಾಲದು ಅಂತ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು.

ಹತ್ತೇ ನಿಮಿಷ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪು ಕೊತಕೊತ ಕುದಿಯತೊಡಗಿತು. "ಕೋರ್ಟಿಗೆ ಆಗದಿದ್ರೆ ನಮ್ಮ ಕೈಗೆ ಕೊಡಿ, ನಾವು ನೋಡ್ಕೋತೀವಿ" ಅಂತ ಚಿಕ್ಕಪ್ಪ ಬರೆದರು. ಇರುವೆಯನ್ನೂ ತುಳಿಯದ ಮನುಷ್ಯ ಅವರು. ಅದರ ಬೆನ್ನಿಗೇ ಚಿಕ್ಕಮ್ಮನ ಮಗ ಒಂದು ಫೋಟೊ ಹಾಕಿದ. ಒಂದು ಮನೆ, ಹಸಿರು ಬಣ್ಣದ ಗೇಟು. ಕೆಳಗೆ ವಿಳಾಸ. "ಇದೇ ಅವನ ಮನೆ. ಎಲ್ಲರಿಗೂ ತಲುಪಿಸಿ" ಅಂತ ಒಂದು ಸಾಲು.

ನಾನು ಅದನ್ನು ಇನ್ನೆರಡು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಯೋಚಿಸಲಿಲ್ಲ. ಗಂಟಲಲ್ಲಿ ಏನೋ ಕಟ್ಟಿಕೊಂಡ ಹಾಗಿತ್ತು. ಆ ಮಗುವಿಗಾಗಿ ಏನಾದರೂ ಮಾಡಬೇಕು ಅನ್ನಿಸುತ್ತಿತ್ತು. ಕೈಯಲ್ಲಿ ಫೋನಿತ್ತು, ಅಷ್ಟೇ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು.

"ಆ ಮನೆ ಅವನದೇ ಅಂತ ನಿಂಗೆ ಯಾರು ಹೇಳಿದ್ರು?"

"ಗ್ರೂಪಲ್ಲಿ ಬಂದಿದ್ಯಲ್ಲ."

"ಗೇಟಿನ ಹತ್ರ ಸೈಕಲ್ ಇದೆ, ನೋಡಿದ್ಯಾ?"

ನೋಡಿರಲಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿದೆ. ಗೇಟಿನ ಒಳಗಡೆ ಮೂರು ಗಾಲಿಯ ಸಣ್ಣ ಸೈಕಲ್ಲು ಇತ್ತು. ಹ್ಯಾಂಡಲ್ಲಿಗೆ ಗುಲಾಬಿ ಬಣ್ಣದ ರಿಬ್ಬನ್ನು ಕಟ್ಟಿದ್ದರು. ಆರೋಪಿಗೆ ಮದುವೆಯೇ ಆಗಿರಲಿಲ್ಲ. ಹಾಗಾದರೆ ಅದು ಯಾರ ಮನೆ? ಯಾರ ಮಗು? ತಕ್ಷಣ ಎರಡೂ ಗ್ರೂಪಿನಿಂದ ಅಳಿಸಿದೆ. ಅಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು. ಅವರಲ್ಲಿ ಎಷ್ಟು ಜನ ಮುಂದಕ್ಕೆ ಕಳಿಸಿದರೋ. ಆ ಮನೆಯವರಿಗೆ ಏನೂ ಆಗಲಿಲ್ಲ ಅಂದುಕೊಂಡಿದ್ದೇನೆ. ಅಂದುಕೊಂಡಿದ್ದೇನೆ, ಅಷ್ಟೇ. ಖಾತ್ರಿ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಖುಲಾಸೆಯಾದವನನ್ನು ಯಾರಾದರೂ ಹೊಡೆದು ಹಾಕಬಹುದು ಅಂತ ಟಿವಿಯಲ್ಲಿ ಹೇಳುತ್ತಲೇ ಇದ್ದರು. ಅವನಿಗೆ ಪೊಲೀಸ್ ರಕ್ಷಣೆ ಕೊಟ್ಟಿದ್ದಾರೆ ಅಂತಲೂ ಹೇಳಿದರು. ಆದರೆ ಹಸಿರು ಗೇಟಿನ ಮನೆಗೆ ಯಾರು ರಕ್ಷಣೆ ಕೊಟ್ಟಿದ್ದರು?

ಆಮೇಲೆ ನಾನು ಇಂಥ ತೀರ್ಪುಗಳ ಬಗ್ಗೆ ಓದಲು ಶುರು ಮಾಡಿದೆ. ಜನ ಒಪ್ಪದ ಖುಲಾಸೆ ಆದ ಮೇಲೆ ಏನಾಯಿತು, ಯಾರ ಮೇಲೆ ಕೈ ಬಿತ್ತು ಅಂತ. ಓದುತ್ತಾ ಹೋದ ಹಾಗೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಅದನ್ನು ಹೇಳಲೆಂದೇ ಇಷ್ಟು ಬರೆಯುತ್ತಿದ್ದೇನೆ.

ಕೇಸಿ ಆಂಟನಿ ಪ್ರಕರಣ ನಿಮಗೆ ನೆನಪಿರಬಹುದು. ಅಮೆರಿಕದ ಫ್ಲೋರಿಡಾ. 2008ರ ಜೂನ್‌ನಲ್ಲಿ ಅವಳ ಎರಡು ವರ್ಷದ ಮಗಳು ಕೇಲಿ ಕಾಣೆಯಾದಳು. ತಾಯಿ 31 ದಿನ ಯಾರಿಗೂ ಹೇಳಲಿಲ್ಲ. ಕೊನೆಗೆ ಪೊಲೀಸರಿಗೆ ಫೋನ್ ಮಾಡಿದ್ದು ಅಜ್ಜಿ. ತಾಯಿ ಪೊಲೀಸರಿಗೆ ಸುಳ್ಳಿನ ಮೇಲೆ ಸುಳ್ಳು ಹೇಳಿದಳು. ಮಗು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳೆ ಅಂತ ಇಲ್ಲದ ಕಥೆ ಕಟ್ಟಿದಳು. ಡಿಸೆಂಬರ್‌ನಲ್ಲಿ ಮನೆಯ ಹತ್ತಿರದ ಕಾಡಿನಲ್ಲಿ ಮಗುವಿನ ಎಲುಬುಗಳು ಸಿಕ್ಕವು. ಮೂರು ವರ್ಷ ಟಿವಿಯಲ್ಲಿ ದಿನಾ ಅದೇ ಮಾತು. 2011ರ ಜುಲೈ 5ರಂದು ಜ್ಯೂರಿ ಅವಳನ್ನು ಕೊಲೆ ಆರೋಪದಿಂದ ಖುಲಾಸೆ ಮಾಡಿತು. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಮಾತ್ರ ತಪ್ಪಿತಸ್ಥೆ ಅಂದಿತು.

ಸಿಟ್ಟು ಹೇಗಿತ್ತು ಅಂತ ಹೇಳಬೇಕಾಗಿಲ್ಲ. ಕೋರ್ಟಿನ ಹೊರಗೆ ಜನ ಕಿರುಚಿದರು, ಅತ್ತರು. ನ್ಯಾಯಾಧೀಶ ಬೆಲ್ವಿನ್ ಪೆರಿ ಜ್ಯೂರಿಯವರ ಹೆಸರುಗಳನ್ನು ಕೂಡಲೇ ಬಹಿರಂಗ ಮಾಡಲು ಒಪ್ಪಲಿಲ್ಲ. ಜನ ಅವರ ಮೇಲೆ ಏರಿ ಹೋಗುತ್ತಾರೆ ಅನ್ನುವ ಭಯ. ಅಕ್ಟೋಬರ್‌ವರೆಗೂ ಹೆಸರು ಹೊರಬರಲಿಲ್ಲ. ಹನ್ನೆರಡು ಜನ ಸಾಮಾನ್ಯರು ಅವರು. ತಮ್ಮ ಕೆಲಸ ಬಿಟ್ಟು ವಾರಗಟ್ಟಲೆ ಕೋರ್ಟಿನಲ್ಲಿ ಕೂತು, ಹೇಳಿದ್ದನ್ನೆಲ್ಲ ಕೇಳಿ, ಅನ್ನಿಸಿದ್ದನ್ನು ಹೇಳಿದವರು. ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಕೇಸಿಯನ್ನು ಜುಲೈ 17ರಂದು ಮಧ್ಯರಾತ್ರಿ ದಾಟಿದ ಮೇಲೆ, ಬಂದೂಕು ಹಿಡಿದವರ ಕಾವಲಿನಲ್ಲಿ ಜೈಲಿನಿಂದ ಹೊರಗೆ ಕಳಿಸಿದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಒಕ್ಲಹೋಮ ಅನ್ನುವ ಬೇರೆ ರಾಜ್ಯ. ಫ್ಲೋರಿಡಾದಿಂದ ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿನ ಒಂದು ಪುಟ್ಟ ಊರಿನಲ್ಲಿ ಒಬ್ಬ ಯುವತಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ತೀರ್ಪು ಬಂದ ಕೆಲವೇ ದಿನಕ್ಕೆ ಅಂಗಡಿಗೆ ಬಂದ ಹೆಂಗಸೊಬ್ಬಳು "ನೀನು ಥೇಟ್ ಕೇಸಿ ಆಂಟನಿ ಹಾಗೇ ಇದ್ದೀಯ" ಅನ್ನುವಂಥ ಮಾತಾಡಿದಳು. ಕೆಲಸ ಮುಗಿಸಿ ಯುವತಿ ಮನೆಗೆ ಹೊರಟಾಗ ಅದೇ ಹೆಂಗಸು ವ್ಯಾನಿನಲ್ಲಿ ಹಿಂಬಾಲಿಸಿದಳು. ಹಿಂದಿನಿಂದ ಗುದ್ದಿದಳು. ಮತ್ತೆ ಗುದ್ದಿದಳು. ಯುವತಿಯ ಗಾಡಿ ಪಲ್ಟಿ ಹೊಡೆಯಿತು. ಪುಣ್ಯಕ್ಕೆ ಜೀವ ಉಳಿಯಿತು.

ಆ ಹೊತ್ತಿಗೆ ನಿಜವಾದ ಕೇಸಿ ಆಂಟನಿ ಇನ್ನೂ ಜೈಲಿನಲ್ಲೇ ಇದ್ದಳು.

ಇದನ್ನು ಓದಿದಾಗ ಹಸಿರು ಗೇಟು ಕಣ್ಣ ಮುಂದೆ ಬಂತು. ಆ ವ್ಯಾನಿನವಳು ಯಾರೋ ಹುಚ್ಚಿ ಅಂತ ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ನಾನು ಮಾಡಿದ್ದೂ ಅದೇ ದಾರಿಯ ಮೊದಲ ಹೆಜ್ಜೆ ತಾನೇ?

ಇನ್ನೊಂದು, ತುಂಬಾ ಹಳೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1890ರ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ನಗರದ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನ್ನೆಸಿಯನ್ನು ಅವನ ಮನೆಯ ಹತ್ತಿರವೇ ಯಾರೋ ಗುಂಡಿಕ್ಕಿ ಕೊಂದರು. ಇಟಲಿಯಿಂದ ವಲಸೆ ಬಂದವರದೇ ಕೆಲಸ ಅಂತ ಮಾತು ಹಬ್ಬಿತು. ನೂರಾರು ಜನರನ್ನು ಹಿಡಿದರು. 19 ಜನರ ಮೇಲೆ ಆರೋಪ ಹೊರಿಸಿದರು. ಮೊದಲು ಒಂಬತ್ತು ಜನರ ವಿಚಾರಣೆ ಆಯಿತು. 1891ರ ಮಾರ್ಚ್ 13ರಂದು ತೀರ್ಪು. ಆರು ಜನ ಖುಲಾಸೆ. ಉಳಿದ ಮೂವರ ಬಗ್ಗೆ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಜ್ಯೂರಿಗೆ ಲಂಚ ಕೊಟ್ಟಿದ್ದಾರೆ ಅಂತ ಊರೆಲ್ಲ ಗುಲ್ಲೆದ್ದಿತು.

ಮರುದಿನ ಬೆಳಗಿನ ಪತ್ರಿಕೆಗಳಲ್ಲೇ ಪ್ರಕಟಣೆ ಬಂತು. ಎಲ್ಲರೂ ಹೆನ್ರಿ ಕ್ಲೇ ಪ್ರತಿಮೆಯ ಹತ್ತಿರ ಸೇರಿ, ನ್ಯಾಯ ಸೋತಿದೆ, ಅದನ್ನು ಸರಿಮಾಡೋಣ ಅಂತ. ಕೆಳಗೆ ಊರಿನ ದೊಡ್ಡ ಮನುಷ್ಯರ ಹೆಸರುಗಳು. ಇದನ್ನು ಗಮನಿಸಿ. ಪುಂಡರು, ಕುಡುಕರು ಸೇರಿಕೊಂಡು ಮಾಡಿದ್ದಲ್ಲ. ಮುಂದೆ ನಿಂತವರು ವಕೀಲರು, ವ್ಯಾಪಾರಿಗಳು, ರಾಜಕಾರಣಿಗಳು. ಸಾವಿರಾರು ಜನ ಜೈಲಿನ ಕಡೆ ನಡೆದರು. ಖುಲಾಸೆಯಾದವರೂ ಇನ್ನೂ ಅಲ್ಲೇ ಇದ್ದರು. ಜೈಲಿನ ಅಧಿಕಾರಿಗೆ ತಡೆಯುವುದು ಆಗುವುದಿಲ್ಲ ಅಂತ ಗೊತ್ತಾಯಿತು. ಇಟಲಿಯ ಕೈದಿಗಳ ಕೋಣೆಗಳ ಬೀಗ ತೆಗೆಸಿ, ಎಲ್ಲಾದರೂ ಬಚ್ಚಿಟ್ಟುಕೊಳ್ಳಿ ಅಂದ. ಒಂದು ದೊಡ್ಡ ಕಟ್ಟಡ, ಒಳಗೆ ಓಡುತ್ತಿರುವ ಹತ್ತೊಂಬತ್ತು ಜನ, ಬಾಗಿಲು ಮುರಿಯುವ ಸದ್ದು. ನಾಯಿಗೂಡಿನೊಳಗೆ ನುಸುಳಿ ಅಡಗಿದವರೂ ಇದ್ದರಂತೆ.

ಹನ್ನೊಂದು ಜನರನ್ನು ಕೊಂದರು. ಹೆಚ್ಚಿನವರನ್ನು ಒಳಗೇ ಗುಂಡಿಕ್ಕಿ ಕೊಂದರು, ಇಬ್ಬರನ್ನು ಹೊರಗೆ ಎಳೆದು ತಂದು ನೇಣು ಹಾಕಿದರು.

ಈಗ ಲೆಕ್ಕ ನೋಡಿ. ಸತ್ತ ಹನ್ನೊಂದರಲ್ಲಿ ಖುಲಾಸೆಯಾಗಿದ್ದವರು ಮೂವರು. ಇನ್ನು ಮೂವರು ಒಮ್ಮತ ಬರದೆ ಉಳಿದವರು. ಬಾಕಿ ಐವರ ವಿಚಾರಣೆ ಶುರುವೇ ಆಗಿರಲಿಲ್ಲ! ಅವರ ವಿರುದ್ಧ ಒಬ್ಬ ಸಾಕ್ಷಿಯೂ ಕೋರ್ಟಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಖುಲಾಸೆಯಾದ ಆರರಲ್ಲಿ ಮೂವರು ಬದುಕಿಕೊಂಡರು, ಯಾಕಂದರೆ ಸರಿಯಾಗಿ ಅಡಗಿಕೊಂಡಿದ್ದರು. ತಪ್ಪಿತಸ್ಥ ಯಾರು ಅನ್ನುವುದಕ್ಕೂ ಸತ್ತವರು ಯಾರು ಅನ್ನುವುದಕ್ಕೂ ಏನೂ ಸಂಬಂಧ ಇರಲಿಲ್ಲ. ಕೈಗೆ ಸಿಕ್ಕವರು ಸತ್ತರು. ಸಿಗದವರು ಉಳಿದರು.

ಕೊಂದವರಲ್ಲಿ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಯಾರು ಯಾರು ಇದ್ದರು ಅಂತ ಇಡೀ ಊರಿಗೇ ಗೊತ್ತಿತ್ತು. ಇಟಲಿ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಅಮೆರಿಕ ಮರುವರ್ಷ 25,000 ಡಾಲರ್ ಪರಿಹಾರ ಕೊಟ್ಟಿತು. ನಗರದ ಮೇಯರ್ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರಲ್ಲಿ. 128 ವರ್ಷ ಬೇಕಾಯಿತು. ಹೆನ್ನೆಸಿಯನ್ನು ಕೊಂದದ್ದು ಯಾರು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಕೊಲೆಗಾರ ಆ ಹನ್ನೊಂದು ಜನರಲ್ಲಿ ಇರದೇ ಇದ್ದರೆ, ಆ ಬೆಳಿಗ್ಗೆ ಅವನಷ್ಟು ನೆಮ್ಮದಿಯಾಗಿದ್ದವರು ಯಾರೂ ಇರಲಾರರು. ಕೇಸನ್ನು ಜನರೇ ಮುಚ್ಚಿಕೊಟ್ಟರಲ್ಲ.

ವಿಳಾಸದ ವಿಷಯಕ್ಕೆ ಬಂದರೆ 2012ರಲ್ಲಿ ನಡೆದದ್ದು ನನ್ನ ತಪ್ಪಿಗೆ ತೀರಾ ಹತ್ತಿರ. ಫ್ಲೋರಿಡಾದಲ್ಲೇ, ಟ್ರೇವಾನ್ ಮಾರ್ಟಿನ್ ಅನ್ನುವ 17 ವರ್ಷದ ಕಪ್ಪು ಹುಡುಗನನ್ನು ಜಾರ್ಜ್ ಜಿಮ್ಮರ್‌ಮನ್ ಗುಂಡಿಕ್ಕಿ ಕೊಂದಿದ್ದ. ಜಿಮ್ಮರ್‌ಮನ್‌ನದು ಅಂತ ಒಂದು ವಿಳಾಸ ಟ್ವಿಟರ್‌ನಲ್ಲಿ ಓಡಾಡಿತು. ಹೆಸರಾಂತ ಚಿತ್ರ ನಿರ್ದೇಶಕ ಸ್ಪೈಕ್ ಲೀ ಕೂಡ ಅದನ್ನು ಹಂಚಿದರು. ಆ ಮನೆಯಲ್ಲಿದ್ದವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ಆ ಕೇಸಿಗೂ ಅವರಿಗೂ ಏನೇನೂ ಸಂಬಂಧವಿಲ್ಲ. ಬೆದರಿಕೆಗಳು ಬಂದವು, ಮನೆ ಬಿಟ್ಟು ಹೋಟೆಲಿಗೆ ಹೋಗಬೇಕಾಯಿತು. ಲೀ ಕ್ಷಮೆ ಕೇಳಿ ಪರಿಹಾರ ಕೊಟ್ಟರು. ಹಸಿರು ಗೇಟಿನವರ ಹತ್ತಿರ ಕ್ಷಮೆ ಕೇಳಲು ನನಗೆ ಅವರ ಹೆಸರೂ ಗೊತ್ತಿಲ್ಲ.

ಇದೇ ಕೇಸಿನಲ್ಲಿ ಇನ್ನೊಂದು ಮುಖವೂ ಇದೆ. ಅದನ್ನು ಹೇಳದೆ ಬಿಟ್ಟರೆ ಮೋಸವಾಗುತ್ತದೆ. 2013ರ ಜುಲೈನಲ್ಲಿ ತೀರ್ಪು ಹತ್ತಿರ ಬಂದಾಗ ಅಧಿಕಾರಿಗಳು ಗಲಭೆಯ ಭಯದಲ್ಲಿದ್ದರು. ಶಾಂತವಾಗಿರಿ ಅಂತ ವಿಡಿಯೊ ಮಾಡಿ ಕೇಳಿಕೊಂಡರು. ಜುಲೈ 13ರಂದು ಖುಲಾಸೆಯಾಯಿತು. ಸಾವಿರಾರು ಜನ ಬೀದಿಗಿಳಿದರು. ಒಂದೆರಡು ಊರಲ್ಲಿ ಗಾಜು ಒಡೆದದ್ದು ಬಿಟ್ಟರೆ ಹೆಚ್ಚಿನ ಕಡೆ ಜನ ನಡೆದರು, ಹಾಡಿದರು, ಅತ್ತರು, ಮನೆಗೆ ಹೋದರು. ಭಯಪಟ್ಟಿದ್ದು ಯಾರ ಬಗ್ಗೆ? ಮಗನನ್ನು ಕಳೆದುಕೊಂಡ ಸಮುದಾಯದ ಬಗ್ಗೆ. ಆದರೆ ಆ ಹುಡುಗ ಸತ್ತದ್ದು ಹೇಗೆ? ತಾನೇ ಬಡಾವಣೆ ಕಾಯುತ್ತೇನೆ ಅಂತ ಬಂದೂಕು ಇಟ್ಟುಕೊಂಡು ತಿರುಗುತ್ತಿದ್ದವನ ಕೈಯಲ್ಲಿ. ಯಾರ ಸಿಟ್ಟಿಗೆ ನಾವು ಮೊದಲೇ ಹೆದರುತ್ತೇವೆ, ಯಾರ ಸಿಟ್ಟಿಗೆ ಹೆದರುವುದೇ ಇಲ್ಲ ಅಂತ ಒಮ್ಮೆ ಕೇಳಿಕೊಳ್ಳಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡು ಬಂದವರಿಗೆ ಯಾರೂ ಮೊದಲೇ ಹೆದರಿರಲಿಲ್ಲ.

ನನಗೆ ಪರಿಚಯದ ವಕೀಲರೊಬ್ಬರಿದ್ದಾರೆ. ವಯಸ್ಸಾಗಿದೆ, ಈಗ ಕೋರ್ಟಿಗೆ ಹೋಗುವುದು ಕಡಿಮೆ. ಫೋಟೊ ವಿಷಯ ಅವರ ಹತ್ತಿರ ಹೇಳಿಕೊಂಡೆ. ಅವರು ಬೈಯಲಿಲ್ಲ. "ಖುಲಾಸೆ ಅಂದ್ರೆ ನೀವು ಏನಂತ ತಿಳ್ಕೊಂಡಿದ್ದೀರಿ?" ಅಂತ ಕೇಳಿದರು.

"ಅವನು ತಪ್ಪು ಮಾಡಿಲ್ಲ ಅಂತ ಕೋರ್ಟು ಹೇಳಿದೆ ಅಂತ."

"ಎಷ್ಟೋ ಸಲ ಹಾಗಲ್ಲ. ಕೇಸು ನಿಲ್ಲಲಿಲ್ಲ ಅಂತ, ಅಷ್ಟೇ. ಮಹಜರು ನೆಟ್ಟಗಿಲ್ಲ. ಸಾಕ್ಷಿ ತಿರುಗಿ ಬಿದ್ದ. ಲ್ಯಾಬಿಗೆ ಕಳಿಸೋದು ತಡ ಆಯ್ತು. ಇನ್ನೇನು ಮಾಡ್ಬೇಕು ಜಡ್ಜು? ಇರೋ ಕಾಗದ ನೋಡಿ ಬರೀಬೇಕು ಅಲ್ವಾ?"

ಕೇಸಿ ಆಂಟನಿಯ ಜ್ಯೂರಿಯಲ್ಲಿದ್ದ ಒಬ್ಬರು ಹೇಳಿದ್ದೂ ಇದನ್ನೇ. ಅವಳು ನಿರಪರಾಧಿ ಅಂತ ನಾವು ಹೇಳಿಲ್ಲ, ಸಾಬೀತು ಮಾಡುವಷ್ಟು ಸಾಕ್ಷ್ಯ ಇರಲಿಲ್ಲ ಅಂದಿದ್ದೇವೆ ಅಂತ. ಸ್ಕಾಟ್ಲೆಂಡಿನಲ್ಲಂತೂ ಶತಮಾನಗಳ ಕಾಲ ಮೂರು ಬಗೆಯ ತೀರ್ಪು ಇತ್ತು. ತಪ್ಪಿತಸ್ಥ, ತಪ್ಪಿತಸ್ಥನಲ್ಲ, ಮತ್ತೆ "ಸಾಬೀತಾಗಿಲ್ಲ". ಮೂರನೆಯದರಲ್ಲೂ ಮನುಷ್ಯ ಬಿಡುಗಡೆಯಾಗುತ್ತಿದ್ದ. ಕೇಳುವವರ ಮನಸ್ಸಿನಲ್ಲಿ ಮಾತ್ರ ಸಂಶಯ ಹಾಗೇ ಉಳಿಯುತ್ತಿತ್ತು.

ವಕೀಲರ ಮಾತು ಕೇಳಿದ ಮೇಲೆ ಕೇಲಿಯ ಕೇಸನ್ನು ಮತ್ತೆ ಓದಿದೆ. ಈ ಸಲ ತಾಯಿಯನ್ನು ಬಿಟ್ಟು ಪೊಲೀಸರ ಕಡೆ ನೋಡಿದೆ. ಮೈ ಜುಮ್ಮೆಂದಿತು. ಮಗು ಕಾಣೆಯಾದ ಸುದ್ದಿ ಹೊರಬಂದದ್ದು ಜುಲೈನಲ್ಲಿ. ಆಗಸ್ಟ್‌ನಲ್ಲಿ ಮೀಟರ್ ರೀಡಿಂಗ್ ಮಾಡುವ ನೌಕರನೊಬ್ಬ ಆ ಕಾಡಿನ ಅಂಚಿನಲ್ಲಿ ಏನೋ ಅನುಮಾನದ ವಸ್ತು ನೋಡಿದ. ಪೊಲೀಸರಿಗೆ ಫೋನ್ ಮಾಡಿದ. ಮೂರು ದಿನ, ದಿನಕ್ಕೊಂದರಂತೆ. ಅಧಿಕಾರಿಯೊಬ್ಬ ಬಂದ, ಸರಿಯಾಗಿ ಹುಡುಕದೆ ಹೊರಟು ಹೋದ. ಅದೇ ತಿಂಗಳು ಬಿರುಗಾಳಿ ಮಳೆ ಬಂದು ಆ ಜಾಗ ನೀರಲ್ಲಿ ಮುಳುಗಿತು. ಡಿಸೆಂಬರ್ 11ರಂದು ಅದೇ ನೌಕರನೇ ಮತ್ತೆ ಹೋಗಿ ನೋಡಿದಾಗ ಎಲುಬುಗಳು ಸಿಕ್ಕವು. ನಾಲ್ಕು ತಿಂಗಳು. ಅಷ್ಟರಲ್ಲಿ ಮಗು ಹೇಗೆ ಸತ್ತಿತು ಅನ್ನುವುದನ್ನು ಹೇಳಬಲ್ಲದ್ದೆಲ್ಲ ಕರಗಿ ಹೋಗಿತ್ತು. ಕೊಲೆ ಅಂತ ವೈದ್ಯರು ಹೇಳಿದರು, ಹೇಗೆ ಅಂತ ಹೇಳಲು ಆಗಲಿಲ್ಲ. ಜ್ಯೂರಿ ತಡವರಿಸಿದ್ದು ಅಲ್ಲೇ.

ಇನ್ನೂ ಒಂದಿದೆ. ಆ ಮನೆಯ ಕಂಪ್ಯೂಟರಿನಲ್ಲಿ, ಮಗು ಕೊನೆಯದಾಗಿ ಕಂಡ ದಿನವೇ, ಉಸಿರುಗಟ್ಟಿಸುವುದರ ಬಗ್ಗೆ ಯಾರೋ ಹುಡುಕಾಡಿದ್ದರು. ಪೊಲೀಸರು ಒಂದು ಬ್ರೌಸರಿನ ದಾಖಲೆ ಮಾತ್ರ ತೆಗೆದರು. ಇನ್ನೊಂದನ್ನು ನೋಡಲೇ ಇಲ್ಲ. ಅದು ಹೊರಗೆ ಬಂದದ್ದು 2012ರ ನವೆಂಬರ್‌ನಲ್ಲಿ, ಖುಲಾಸೆಯಾಗಿ ಒಂದು ವರ್ಷದ ಮೇಲೆ. ಅಮೆರಿಕದಲ್ಲಿ ಒಮ್ಮೆ ಖುಲಾಸೆಯಾದರೆ ಅದೇ ಆರೋಪಕ್ಕೆ ಮತ್ತೆ ವಿಚಾರಣೆ ಇಲ್ಲ. ಮುಗಿಯಿತು.

ಇಷ್ಟೆಲ್ಲ ಇದ್ದರೂ ಸಿಟ್ಟು ಹೋಗಿ ಬಿದ್ದದ್ದು ಯಾರ ಮೇಲೆ? ಹನ್ನೆರಡು ಜನ ಜ್ಯೂರಿಯವರ ಮೇಲೆ. ಒಕ್ಲಹೋಮದ ಅಂಗಡಿ ಹುಡುಗಿಯ ಮೇಲೆ. ಫೋನ್ ಬಂದಾಗ ಪೊದೆಯೊಳಗೆ ನಾಲ್ಕು ಹೆಜ್ಜೆ ಇಡದವನ ವಿಷಯ ಎಷ್ಟು ಜನರಿಗೆ ನೆನಪಿದೆ? ನಮ್ಮ ಗ್ರೂಪಿನಲ್ಲೂ ಆವತ್ತು ಅದೇ ಆಯಿತು. ಇನ್ನೂರಕ್ಕೂ ಜಾಸ್ತಿ ಮೆಸೇಜು. ತನಿಖೆ ಯಾಕೆ ಹೀಗಾಯಿತು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಿಟ್ಟೇ ಬರಬಾರದು ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ಸಿಟ್ಟು ಬರಲೇಬೇಕಾದ ಖುಲಾಸೆಗಳಿವೆ. 1955ರಲ್ಲಿ ಮಿಸಿಸಿಪಿಯಲ್ಲಿ ಎಮ್ಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಹೊತ್ತೊಯ್ದು ಕೊಂದರು. ಬಿಳಿಯ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನುವ ನೆಪ. ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಇಬ್ಬರೂ ಆರೋಪಿಗಳನ್ನು ಬಿಟ್ಟಿತು. ಮುಂದಿನ ವರ್ಷದ ಜನವರಿಯಲ್ಲಿ ಆ ಇಬ್ಬರೂ ಪತ್ರಿಕೆಯೊಂದರಿಂದ ದುಡ್ಡು ತೆಗೆದುಕೊಂಡು, ಹೌದು ನಾವೇ ಕೊಂದದ್ದು ಅಂತ ಒಪ್ಪಿಕೊಂಡರು. ಮತ್ತೆ ವಿಚಾರಣೆ ಮಾಡುವಂತಿಲ್ಲ ಅಂತ ಅವರಿಗೆ ಗೊತ್ತಿತ್ತು. ಓದಿದರೆ ಇವತ್ತಿಗೂ ರಕ್ತ ಕುದಿಯುತ್ತದೆ. ಆದರೆ ಆ ಹುಡುಗನನ್ನು ಕೊಂದದ್ದು ಯಾವ ಮನಸ್ಸು? ಕೋರ್ಟು ಯಾಕೆ, ನಾವೇ ನೋಡ್ಕೋತೀವಿ ಅನ್ನುವ ಮನಸ್ಸು. ಬಿಟ್ಟು ಕಳಿಸಿದ್ದೂ ಅದೇ ಮನಸ್ಸು. ನಮ್ಮವರು ಮಾಡಿದ್ದು ಸರಿ ಅಂದುಕೊಂಡ ಹನ್ನೆರಡು ಜನ. ಎರಡನ್ನೂ ಬೇರೆ ಬೇರೆ ಮಾಡಲು ನನಗಂತೂ ಆಗುವುದಿಲ್ಲ.

"ಸರಿ, ಮಗು ಕಳ್ಕೊಂಡವರಿಗೆ ಏನು ಹೇಳ್ತೀಯ? ಕಾದುಕೊಂಡು ಕೂತಿರಿ ಅಂತೀಯಾ?" ಅಂತ ಚಿಕ್ಕಪ್ಪ ಆಮೇಲೊಂದು ದಿನ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಅವರಿಗೆ ಲಾರೆನ್ಸ್ ದಂಪತಿಯ ವಿಷಯ ಹೇಳಿದೆ. 1993ರಲ್ಲಿ ಲಂಡನ್ನಿನಲ್ಲಿ ಬಸ್ ಸ್ಟಾಪಿನ ಹತ್ತಿರ ಅವರ ಮಗ ಸ್ಟೀಫನ್‌ನನ್ನು ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ಅವನು ಕಪ್ಪು ಹುಡುಗ, 18 ವರ್ಷ. ಪೊಲೀಸರು ತನಿಖೆ ಕೆಡಿಸಿದರು. ತಂದೆ ತಾಯಿ ತಾವೇ ಖಾಸಗಿಯಾಗಿ ಕೇಸು ಹಾಕಿದರು. 1996ರಲ್ಲಿ ಅದೂ ಬಿದ್ದು ಹೋಗಿ ಆರೋಪಿಗಳು ಖುಲಾಸೆಯಾದರು. ಯಾರು ಮಾಡಿದ್ದು ಅಂತ ಇಡೀ ದೇಶ ಮಾತಾಡಿಕೊಳ್ಳುತ್ತಿತ್ತು. ಒಂದು ಪತ್ರಿಕೆ ಮುಖಪುಟದಲ್ಲೇ ಐವರ ಫೋಟೊ ಹಾಕಿ ಕೊಲೆಗಾರರು ಅಂತ ಬರೆಯಿತು.

ಡೊರೀನ್ ಮತ್ತು ನೆವಿಲ್ ಲಾರೆನ್ಸ್ ಪೊಲೀಸರ ಬೆನ್ನು ಬಿಡಲಿಲ್ಲ. ಅವರ ಹಟಕ್ಕೆ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1999ರಲ್ಲಿ ಬಂದ ಅದರ ವರದಿ ಪೊಲೀಸ್ ಇಲಾಖೆಯೊಳಗೇ ಜನಾಂಗಭೇದ ಬೇರೂರಿದೆ ಅಂತ ಬರೆಯಿತು. ಖುಲಾಸೆಯಾದವರನ್ನು ಹೊಸ ಪುರಾವೆ ಸಿಕ್ಕಾಗ ಮತ್ತೆ ವಿಚಾರಣೆ ಮಾಡುವಂತಾಗಬೇಕು ಅನ್ನುವ ದಾರಿಯನ್ನೂ ತೋರಿಸಿತು. 2003ರಲ್ಲಿ ಆ ಕಾನೂನು ಬಂತು. ಆರೋಪಿಯ ಜಾಕೆಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತದ ಕಲೆ ಹೊಸ ಪರೀಕ್ಷೆಯಲ್ಲಿ ಸಿಕ್ಕಿತು. ಗ್ಯಾರಿ ಡಾಬ್ಸನ್‌ನ ಖುಲಾಸೆಯನ್ನು ಮೇಲಿನ ಕೋರ್ಟು ರದ್ದು ಮಾಡಿತು. 2012ರ ಜನವರಿಯಲ್ಲಿ ಅವನಿಗೂ ಇನ್ನೊಬ್ಬನಿಗೂ ಜೀವಾವಧಿ ಶಿಕ್ಷೆಯಾಯಿತು. ಅಷ್ಟೂ ವರ್ಷ ಆ ಜಾಕೆಟ್ಟು ಒಂದು ಕವರಿನೊಳಗೆ ಇತ್ತು ನೋಡಿ. ನಡುವೆ ಯಾರಾದರೂ ಡಾಬ್ಸನ್‌ನನ್ನು ಬೀದಿಯಲ್ಲಿ ಮುಗಿಸಿದ್ದರೆ ಆ ಕವರನ್ನು ಯಾರು ಬಿಚ್ಚುತ್ತಿದ್ದರು?

ಚಿಕ್ಕಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಹದಿನೆಂಟು ವರ್ಷ ಜಾಸ್ತಿ ಆಯ್ತು" ಅಂದರು. ಹೌದು, ಜಾಸ್ತಿಯೇ. ಐವರು ಅಂತ ಹೆಸರು ಬಂದಿದ್ದರಲ್ಲಿ ಶಿಕ್ಷೆಯಾದದ್ದು ಇಬ್ಬರಿಗೆ ಅನ್ನುವುದೂ ನಿಜ. ನಾನು ವಾದ ಮಾಡಲಿಲ್ಲ.

ನಮ್ಮ ದೇಶದಲ್ಲಿ ಖುಲಾಸೆಯ ವಿರುದ್ಧ ಮೇಲ್ಮನವಿಗೆ ಅವಕಾಶ ಇದೆ. 2009ರ ತಿದ್ದುಪಡಿಯಾದ ಮೇಲೆ ಸರ್ಕಾರ ಸುಮ್ಮನಿದ್ದರೂ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಜೆಸ್ಸಿಕಾ ಲಾಲ್ ಕೊಲೆ ಕೇಸಿನಲ್ಲಿ 2006ರ ಫೆಬ್ರುವರಿಯಲ್ಲಿ ಎಲ್ಲರೂ ಖುಲಾಸೆಯಾದಾಗ ದೆಹಲಿಯಲ್ಲಿ ಜನ ಮೇಣದಬತ್ತಿ ಹಿಡಿದು ನಿಂತರು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟು ಮುಖ್ಯ ಆರೋಪಿಯನ್ನು ತಪ್ಪಿತಸ್ಥ ಅಂದಿತು. ಯಾರ ಮನೆಯ ಗಾಜೂ ಒಡೆಯಬೇಕಾಗಲಿಲ್ಲ. ಇದಕ್ಕೆ ತದ್ವಿರುದ್ಧ ಆರುಷಿ ಕೇಸು. ಮಗಳನ್ನು ತಂದೆ ತಾಯಿಯೇ ಕೊಂದರು ಅನ್ನುವ ಅನುಮಾನ ಇದ್ದ ಕೇಸು ಅದು. 2011ರಲ್ಲಿ ಗಾಜಿಯಾಬಾದ್ ಕೋರ್ಟಿನ ಆವರಣದಲ್ಲೇ ಹುಡುಗಿಯ ತಂದೆ ರಾಜೇಶ್ ತಲ್ವಾರ್ ಮುಖಕ್ಕೆ ಒಬ್ಬ ಯುವಕ ಕತ್ತಿ ಬೀಸಿದ. ಆಗ ವಿಚಾರಣೆಯೇ ಶುರುವಾಗಿರಲಿಲ್ಲ. ಮುಂದೆ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟು ದಂಪತಿಯನ್ನು ಖುಲಾಸೆ ಮಾಡಿತು. ಕೋರ್ಟು ತನ್ನ ತೀರ್ಪನ್ನು ಬದಲಿಸಬಹುದು. ಮುಖದ ಮೇಲಿನ ಗಾಯ ಹಾಗಲ್ಲ.

ಈಗಲೂ ದೊಡ್ಡ ತೀರ್ಪು ಬಂದ ದಿನ ನನಗೆ ಎದೆ ಡವಡವ ಅನ್ನುತ್ತದೆ. ಆರೋಪಿ ಏನಾಗುತ್ತಾನೆ ಅನ್ನುವುದಕ್ಕಿಂತ, ಅವನ ಹೆಸರಿನವರು, ಅವನ ಮುಖದ ಹೋಲಿಕೆಯವರು, ಅವನ ಬೀದಿಯವರು, ಅವನ ಜಾತಿ ಧರ್ಮದವರು ಏನಾಗುತ್ತಾರೋ ಅಂತ. ಸಾಕ್ಷಿ ಹೇಳಿದವರು ಏನಾಗುತ್ತಾರೋ ಅಂತ. ಗ್ರೂಪಿನಲ್ಲಿ ಫೋಟೊ ಬಂದರೆ ಈಗ "ಇದು ಎಲ್ಲಿಂದ ಬಂತು?" ಅಂತ ಒಂದು ಸಾಲು ಬರೆಯುತ್ತೇನೆ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಒಮ್ಮೆ ಚಿಕ್ಕಮ್ಮನ ಮಗ ತಾನೇ ಅಳಿಸಿದ.

ಕೊನೆಯದಾಗಿ ಒಂದು ಸಂಜೆಯ ಕಥೆ ಹೇಳಬೇಕು. 1992ರ ಏಪ್ರಿಲ್ 29, ಲಾಸ್ ಏಂಜಲೀಸ್. ರಾಡ್ನಿ ಕಿಂಗ್ ಅನ್ನುವ ಕಪ್ಪು ಮನುಷ್ಯನನ್ನು ಪೊಲೀಸರು ಬಡಿಗೆಯಲ್ಲಿ ಹೊಡೆದದ್ದನ್ನು ಇಡೀ ಜಗತ್ತು ವಿಡಿಯೊದಲ್ಲಿ ನೋಡಿತ್ತು. ಜ್ಯೂರಿಯಲ್ಲಿ ಒಬ್ಬರೂ ಕಪ್ಪು ಜನರಿರಲಿಲ್ಲ. ಪೊಲೀಸರನ್ನು ಬಿಟ್ಟರು. ಊರು ಹೊತ್ತಿ ಉರಿಯಿತು. ಮುಂದಿನ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಫ್ಲಾರೆನ್ಸ್ ಮತ್ತು ನಾರ್ಮಂಡಿ ರಸ್ತೆಗಳು ಸೇರುವ ಕಡೆ ಪೊಲೀಸರು ಜಾಗ ಬಿಟ್ಟು ಹೋಗಿದ್ದರು. ಅಲ್ಲಿಗೆ ಒಂದು ದೊಡ್ಡ ಲಾರಿ ಬಂತು. ಚಾಲಕ ರೆಜಿನಾಲ್ಡ್ ಡೆನ್ನಿ, ಬಿಳಿಯ. ಅವನಿಗೆ ತೀರ್ಪಿನ ವಿಷಯವೂ ಗೊತ್ತಿರಲಿಲ್ಲ, ದಾರಿಯಲ್ಲಿ ಹೋಗುತ್ತಿದ್ದ. ಎಳೆದು ಹಾಕಿ ಹೊಡೆದರು. ತಲೆಗೆ ಇಟ್ಟಿಗೆಯಿಂದ ಹೊಡೆದರು. ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನಿಂದ ಅದು ಟಿವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು.

ಹತ್ತಿರದ ಮನೆಗಳಲ್ಲಿ ನಾಲ್ಕು ಜನ ಅದನ್ನು ಟಿವಿಯಲ್ಲಿ ನೋಡಿದರು. ನಾಲ್ವರೂ ಕಪ್ಪು ಜನ. ಅದೇ ತೀರ್ಪನ್ನು ಅವರೂ ಅದೇ ಮಧ್ಯಾಹ್ನ ಕೇಳಿದ್ದರು. ಎದ್ದು ಹೊರಟರು. ಹೋದಾಗ ಡೆನ್ನಿ ಹೇಗೋ ತೆವಳಿಕೊಂಡು ಲಾರಿಯೊಳಗೆ ಸೇರಿದ್ದ, ಕಣ್ಣು ಕಾಣುತ್ತಿರಲಿಲ್ಲ. ನಾಲ್ವರಲ್ಲಿ ಒಬ್ಬ ಲಾರಿ ಓಡಿಸಬಲ್ಲವನು. ಅವನು ಸ್ಟೀರಿಂಗ್ ಹಿಡಿದ. ಮುಂದಿನ ಗಾಜು ಪೂರ್ತಿ ಬಿರುಕು ಬಿಟ್ಟಿತ್ತು, ದಾರಿ ಕಾಣುತ್ತಿರಲಿಲ್ಲ. ಇನ್ನೊಬ್ಬ ಲಾರಿಯ ಹೊರಗಡೆ ಮೆಟ್ಟಿಲ ಮೇಲೆ ನೇತುಕೊಂಡು ಎಡಕ್ಕೆ, ಬಲಕ್ಕೆ ಅಂತ ಹೇಳುತ್ತಾ ಹೋದ. ಒಬ್ಬಳು ತನ್ನ ಕಾರನ್ನು ಮುಂದೆ ಬಿಟ್ಟು ದಾರಿ ಮಾಡಿಕೊಟ್ಟಳು. ಮತ್ತೊಬ್ಬಳು ಒಳಗೆ ಡೆನ್ನಿಯ ಪಕ್ಕ ಕೂತು, ಅವನಿಗೆ ಧೈರ್ಯ ಹೇಳುತ್ತಾ ಆಸ್ಪತ್ರೆವರೆಗೂ ಹೋದಳು.